ದಂಡೆಯಿಂದ ಒಂದು ತಾಸು

"ಹಲೋ... ಹಾಂ, ಯಾರ್ರಿ ಮಾತಾಡೋದು?... ಹಲೋ? ಯಾರಂತ ತಿಳಿವಲ್ದು, ಜರಾ ಜೋರಾಗಿ ಮಾತಾಡ್ರಿ..."

"... ವಿದ್ಯಾ? ಇದ್ಯಾರ ಫೋನ್ ಅವ್ವಾ?... ಹೋಟೆಲಿಂದಾ?"

ಮಹಾರುದ್ರಪ್ಪ ಮಂದಿಯ ನಡುವಿನಿಂದ ಎದ್ದು ಗೋಡೆಯ ಬದಿಗೆ ಸರಿದ. ಬೆಳಿಗ್ಗೆಯಿಂದ ಮಗಳ ನಂಬರಿನಿಂದ ಎಂಟು ಸಲ ಕರೆ ಬಂದಿತ್ತು, ವಿಮಾನ ಇಳಿದಿರಬೇಕು ಎಂದುಕೊಂಡರೂ ಒಂದನ್ನೂ ಎತ್ತಿರಲಿಲ್ಲ. ಹೆಂಡತಿ ಲಲಿತಾಬಾಯಿ ಹುಮನಾಬಾದಿನ ದವಾಖಾನೆಯಲ್ಲಿ ಬೆಳಗಾಗುತ್ತಲೇ ತೀರಿಕೊಂಡಿದ್ದಳು. ವಿಮಾನ ಓಡಿಸಿಕೊಂಡು ಬರುವ ಮಗಳಿಗೆ ಆ ಸುದ್ದಿಯನ್ನು ಫೋನಿನಲ್ಲಿ ಹೇಳಲು ಅವನಿಗೆ ಬಾಯಿ ಬಂದಿರಲಿಲ್ಲ. ಮನೆಗೆ ಬರಲಿ, ಹತ್ತಿರ ಕೂರಿಸಿಕೊಂಡು ಹೇಳಿದರಾಯಿತು ಎಂದುಕೊಂಡಿದ್ದ. ಗೊತ್ತಿಲ್ಲದ ನಂಬರೆಂದು ಎತ್ತಿ ಈಗ ಸಿಕ್ಕಿಬಿದ್ದ.

"ಹೈದರಾಬಾದಿಗೆ ಇಳದಿಯೇನು? ಶಂಶುದ್ದೀನ್ ಗಾಡಿ ತೊಗೊಂಡು ಎಂಟಕ್ಕೇ ಹೋಗ್ಯಾನ. ಹೊರಗ ಬಂದು ಬಲಕ್ಕ ನೋಡು... ಏನು?... ಎಲ್ಲಿ?... ಇನ್ನಾ ಮಾರಿಷಸ್‌ದಾಗೇ ಇದ್ದೀ?"

ಬಸವಕಲ್ಯಾಣದ ಮನೆ ಮಂದಿಯಿಂದ ತುಂಬಿತ್ತು. ಮೋರಖಂಡಿಯ ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಮಗಳೊಮ್ಮೆ ತಾಯಿಯ ಮುಖ ನೋಡಲಿ ಎಂದು ಎಲ್ಲರೂ ಕಾಯುತ್ತಿದ್ದರು. ಸಂಜೆ ದಾಟಿಸುವುದು ಬೇಡ ಎಂದು ತಮ್ಮ ಗುರುಲಿಂಗ ಎರಡು ಸಲ ಬಂದು ಹೇಳಿ ಹೋಗಿದ್ದ.

"ನಿನ್ನಿ ರಾತ್ರಿನೇ ಬಿಡೋದಿತ್ತಲ್ಲ?... ನಿಂದ್ರು, ಸಾವಕಾಶ ಹೇಳು... ಬಾಲದಾಗಿನ ಸಣ್ಣ ಎಂಜಿನ್ ಕೆಟ್ಟದ. ಹಾಂ... ದೊಡ್ಡವು ಎರಡೂ ಛಲೋ ಅವ, ಹೌದಿಲ್ಲೋ? ಮತ್ತ ಹಾರೂದಕ್ಕ ಏನಡ್ಡಿ?... ಹಾರಬಹುದು, ಆದ್ರ ಇಳಿಯೂ ಜಾಗದಿಂದ ಒಂದು ತಾಸಿಗಿಂತ ದೂರ ಹೋಗಬಾರದು... ಖರೇ ಅದ, ನಡು ಸಮುದ್ರದಾಗ ಎಲ್ಲಿ ಇಳೀತೀರಿ..."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹುಮನಾಬಾದ ಡಿಪೋದಲ್ಲಿ ಮೂವತ್ತೆರಡು ವರ್ಷ ಬಸ್ ಓಡಿಸಿದವನು. ಎರಡನೇ ಗೇರ್ ಜಾರುತ್ತದೆ, ಘಾಟಿಗೆ ಕಳಿಸಬೇಡಿ ಎಂದು ಹಿಂದಿನ ಡ್ರೈವರ್ ಲಾಗ್ ಶೀಟಿನಲ್ಲಿ ಬರೆದಿಟ್ಟಿದ್ದನ್ನು ಓದದೆ ಅವನು ಯಾವತ್ತೂ ಸ್ಟೇರಿಂಗ್ ಮುಟ್ಟಿದವನಲ್ಲ. ಮಗಳು ಸಹ ಪೈಲಟ್ ಆಗಿ ವಿಮಾನದ ಕೆಲಸಕ್ಕೆ ಸೇರಿದ ದಿನ ಅವನು ಕೊಟ್ಟ ಬುದ್ಧಿಯೂ ಅದೊಂದೇ.

"ಯಾರು ನೋಡಿದ್ರು ಅದನ್ನ?... ನೀನೇ?... ಕ್ಯಾಪ್ಟನ್ನರು ನೋಡಿರಲಿಲ್ಲೇನು?... ಹೋಗೂವಾಗೂ ಅದೇ ವಿಮಾನ?... ಆಗೂ ಪುಸ್ತಕದಾಗ ಬರದಿತ್ತು?... ಅಂದ್ರ ಮೊನ್ನಿ ಹಂಗೇ ಸಮುದ್ರ ದಾಟೀರಿ?"

"... ಎಷ್ಟು ಸಲ ಹೇಳೇನಿ ನಿನಗ, ಓದದೇ ಗಾಡಿ ಮುಟ್ಟಬ್ಯಾಡ ಅಂತ! ಮೊನ್ನಿ ಯಾಕ ಓದಲಿಲ್ಲ?... ಏನು?... ಯಾರ ಫೋನು?... ನಂದಾ?"

ಮೊನ್ನೆ ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದ್ದು ಅವನೇ. ಅವ್ವನಿಗೆ ಉಸಿರಾಡಲು ಆಗುತ್ತಿಲ್ಲ, ಬೇಗ ಬಾ ಎಂದು ಕೂಸಿನ ಹಾಗೆ ಅತ್ತಿದ್ದ. ಆಗ ಮಗಳ ತೊಡೆಯ ಮೇಲೆ ವಿಮಾನದ ದೋಷಗಳನ್ನು ಬರೆದಿಡುವ ಆ ಪುಸ್ತಕ ತೆರೆದಿತ್ತಂತೆ. ಕಣ್ಣೊರೆಸಿಕೊಂಡು ಹಾಗೇ ಮುಚ್ಚಿ, ಎಲ್ಲ ಸರಿ ಇದೆ ಎಂದು ಕ್ಯಾಪ್ಟನ್ನರ ಕೈಗೆ ಕೊಟ್ಟಿದ್ದಳು. ಅವರು ಇವಳನ್ನು ನಂಬಿ ಸಹಿ ಹಾಕಿದ್ದರು.

"ಗಲತಿ ನಂದವ್ವಾ... ಇಲ್ಲ, ನಂದೇ... ಹಾಂ, ನೀ ಸುಮ್ಮನಿದ್ರ ಯಾರಿಗೂ ಗೊತ್ತಾಗ್ತಿರಲಿಲ್ಲ... ಮತ್ತ ಮೊನ್ನಿದೂ ಬರದು ಕೊಟ್ಟಿ?... ಕೆಲಸದಿಂದ ಇಳಿಸ್ಯಾರೇನು?... ವಿಚಾರಣೆ ಮುಗಿಯೂ ತನಕ... ಇರ್ಲಿ ಬಿಡು. ಹಿಂದ ಸೀಟಿನ್ಯಾಗ ಎಷ್ಟು ಮಂದಿ ಇದ್ರು?... ನೂರಾ ಎಪ್ಪತ್ತು. ಛಲೋ ಮಾಡಿದಿ. ಭಾಳ ಛಲೋ ಮಾಡಿದಿ."

ಬಾಯಿ ಹಾಗೆಂದಿತು. ಒಳಗೆ ಬೇರೆಯೇ ನಡೆದಿತ್ತು. ಮೊನ್ನೆ ಏನೂ ಆಗಲಿಲ್ಲ, ನಿನ್ನೆಯೂ ಆಗುತ್ತಿರಲಿಲ್ಲವೇನೋ. ಆ ಪುಟ ತಿರುವದಿದ್ದರೆ ಮಗಳು ಇಷ್ಟೊತ್ತಿಗೆ ಹೈದರಾಬಾದ ಬಿಟ್ಟು ದಾರಿಯಲ್ಲಿರುತ್ತಿದ್ದಳು. ಹಾಗೆ ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೂವತ್ತೆರಡು ವರ್ಷ ಇದನ್ನೇ ಅಲ್ಲವೇ ತಾನು ಎಲ್ಲರಿಗೂ ಹೇಳುತ್ತ ಬಂದದ್ದು.

"ಅವ್ವಗ ಕೊಡಂತೀ?... ಅಕಿ... ಇಲ್ಲ, ಮಲಗಿಲ್ಲ. ಕೂತಾಳ..."

"... ಹೌದು, ಮನ್ಯಾಗೇ ಇದ್ದೀವಿ. ಗುರುಲಿಂಗ ಕಾಕಾ ಬಂದಾನ, ಬೇಮಳಖೇಡದವರು ಬಂದಾರ, ಎಲ್ಲಾರೂ ಬಂದಾರ... ಯಾಕಂದ್ರ... ವಿದ್ಯಾ, ಕೇಳವ್ವಾ. ಅಕಿ ತಾನಾಗಿ ಕೂತಿಲ್ಲ. ಇಭೂತಿ ಹಚ್ಚಿ ಕೂಡಿಸ್ಯಾರ. ಮುಂಜಾನಿ ಏಳಕ್ಕ ಹೋದಳು."

ಆ ಕಡೆಯಿಂದ ಬಂದ ಸದ್ದನ್ನು ಕೇಳಲಾಗದೆ ಅವನು ಗೋಡೆಯ ಕಡೆಗೆ ತಿರುಗಿ ನಿಂತ.

"ಅಳು... ಅಳು ಅವ್ವಾ... ಇಲ್ಲ, ಹಂಗನಬ್ಯಾಡ. ಆ ವಿಮಾನದಾಗ ಬಂದಿದ್ರೂ ಅಕಿ ಜೀವ ಸಿಗ್ತಿರಲಿಲ್ಲ... ಮಾರಿ? ಮಾರಿ ಅಷ್ಟು ಸಿಗ್ತಿತ್ತು, ಹೌದು. ಸುಳ್ಳು ಹ್ಯಾಂಗ ಹೇಳಲಿ..."

"... ಮುಂದಿನ ವಿಮಾನ ನಾಳಿ ರಾತ್ರಿಗೇನು?... ಅಲ್ಲಿ ತನಕ ಇಡಾಕ ಆಗೂದಿಲ್ಲವ್ವಾ, ಬಿಸಲು ಭಾಳ ಅದ... ವಿಡಿಯೋ ಹಚ್ಚಿಸಲೇನು? ನೋಡ್ತೀ?... ಬ್ಯಾಡ. ತಾಳೂದಿಲ್ಲ, ಹೌದು... ಏನಂದಿ?... ಕಿವಿಗೆ ಹಿಡೀಲ್ಯಾ?... ಹಿಡೀತೇನಿ. ನಿಂದ್ರು, ಬಂದೆ... ಹಾಂ, ಇಟ್ಟೇನಿ ನೋಡು. ಮಾತಾಡು."

ಮಹಾರುದ್ರಪ್ಪ ಲಲಿತಾಬಾಯಿಯ ಪಕ್ಕ ಮಂಡಿಯೂರಿ, ಸೆರಗು ಸರಿಸಿ ಫೋನನ್ನು ಅವಳ ಕಿವಿಗೆ ಹಿಡಿದ. ಮಗಳ ದನಿ ಸಣ್ಣಗೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ತಿಳಿಯುವುದು ಅವನಿಗೆ ಬೇಕಿರಲೂ ಇಲ್ಲ. ನಡುವೆ ಎಲ್ಲೋ ಮಾತು ತುಂಡಾಯಿತು. ಲೈನ್ ಕಟ್ಟಾದ ಸದ್ದು ಒಂದೇ ಸಮನೆ ಬರತೊಡಗಿತು.

ಗುರುಲಿಂಗ ಬಾಗಿಲಲ್ಲಿ ಬಂದು ನಿಂತ. "ಅಣ್ಣಾ, ಎತ್ತೂಣೇನು?" ಎಂದ.

ಮಹಾರುದ್ರಪ್ಪ ಕೈ ತೆಗೆಯಲಿಲ್ಲ.

"ಜರಾ ನಿಂದ್ರೋ. ಇನ್ನಾ ಮಾತಾಡಾಕತ್ತಾಳ," ಎಂದ.