ಗಾಳಿ ಅಳೆಯುವ ಯಂತ್ರಕ್ಕೆ ಧೂಪ

ಒಂದೂರಿನಲ್ಲಿ ಒಬ್ಬ ಸಾಹುಕಾರ. ಯಾವ ಊರು ಎಂದು ಕೇಳಬೇಡಿ. ಹೆಸರು ಹೇಳಿದರೆ ಆ ಊರಿನವರು ಈ ಸಭೆಯಲ್ಲೇ ಕೂತಿದ್ದು, ಎದ್ದು ಹೋಗಿಬಿಟ್ಟಾರು. ಅವನದೊಂದು ಕಬ್ಬಿಣದ ಕಾರ್ಖಾನೆ. ಕಾರ್ಖಾನೆಗೊಂದು ಚಿಮಣಿ, ಚಿಮಣಿಯಿಂದ ಹೊಗೆ, ಹೊಗೆಯಿಂದ ಕರಿ ಬೂದಿ. ಸಂತೆಯಿಂದ ಬಿಳಿ ಎತ್ತು ತಂದು ಕಟ್ಟಿದರೆ ವಾರದೊಳಗೆ ಅದು ಕರಿ ಎತ್ತು. ರೊಟ್ಟಿ ತಟ್ಟಿ ಬುಟ್ಟಿಗೆ ಹಾಕುವಷ್ಟರಲ್ಲಿ ಅದರ ಮೇಲೆ ಬೂದಿ. ಬಂದ ಬೀಗರು ಎಳ್ಳು ಹಚ್ಚಿದ ರೊಟ್ಟಿ ಎಂದು ಹೊಗಳಿ ತಿಂದು ಹೋಗುತ್ತಿದ್ದರು.

ಹಾಗಾದರೆ ಸಾಹುಕಾರ ಕೆಟ್ಟವನೇ? ಅಲ್ಲ ನೋಡಿ. ದಾಸೋಹಕ್ಕೆ ಅಕ್ಕಿ ಕೊಡುವವನು, ಹಿರಿಯರಿಗೆ ಬಾಗುವವನು. ತಾಯಿಯೆಂದರೆ ಅವನಿಗೆ ಪ್ರಾಣ. ಆ ತಾಯಿಗೆ ಉಬ್ಬಸ. ಮಲಗಿದರೆ ಉಸಿರು ಸಿಕ್ಕದು, ಕೂತರೆ ನಿದ್ದೆ ಬಾರದು. ದೊಡ್ಡ ದೊಡ್ಡ ಡಾಕ್ಟರರನ್ನು ಕರೆಸಿದ. ಅವರು ಬರುತ್ತಲೇ "ಒಳ್ಳೆ ಗಾಳಿ ಬೇಕು" ಎಂದು ಕಿಟಕಿ ತೆರೆಯುವರು, ಬಂದ ಗಾಳಿ ನೋಡಿ ತಾವೇ ಮುಚ್ಚುವರು. ಅವ್ವ ಇನ್ನೊಂದು ಚಳಿಗಾಲ ಕಾಣುತ್ತಾಳೋ ಇಲ್ಲವೋ ಎಂಬ ಭಯ ಮಗನನ್ನು ಒಳಗೊಳಗೇ ತಿನ್ನುತ್ತಿತ್ತು.

ಈಗ ಕೇಳಿ. ಗಾಳಿ ಕೆಡಿಸಬೇಡ, ನೀರು ಕೆಡಿಸಬೇಡ ಎಂದು ದೇಶಕ್ಕೇ ಒಂದು ಕಾನೂನಿದೆ. ಅದನ್ನು ಜನ ಪಾಲಿಸುತ್ತಾರೋ ಇಲ್ಲವೋ ನೋಡಲು ಒಂದು ಮಂಡಳಿ ಇದೆ. ಮಂಡಳಿಯ ಒಪ್ಪಿಗೆ ಇಲ್ಲದೆ ಇಂಥ ಕಾರ್ಖಾನೆ ನಡೆಸುವಂತಿಲ್ಲ. ಆ ಮಂಡಳಿಯ ಅಧಿಕಾರಿ, ಒಬ್ಬ ಹೆಣ್ಣುಮಗಳು, ಜೀಪಿನಲ್ಲಿ ಬಂದು ಊರ ನಡುವಿನ ಬಯಲಿನಲ್ಲಿ ಗಾಳಿ ಅಳೆಯುವ ಯಂತ್ರ ಕೂರಿಸಿದಳು.

"ಸಾಹುಕಾರ್ರೇ, ಇಲ್ಲಿನ ಗಾಳಿ ಹೇಗಿದೆ ಅಂತ ಇದು ನಮ್ಮ ಆಫೀಸಿಗೆ ಹೇಳ್ತಾನೇ ಇರತ್ತೆ. ಹಸಿರು ದೀಪ ಇದ್ದರೆ ನಿಮ್ಮ ಒಪ್ಪಿಗೆ ಮುಂದುವರಿಯತ್ತೆ. ಕೆಂಪಾದರೆ ಕಾರ್ಖಾನೆಗೆ ಬೀಗ," ಎಂದಳು.

ಅವಳು ಹೋದ ಮೇಲೆ ಮ್ಯಾನೇಜರ್ ಮೆಲ್ಲಗೆ ಕೇಳಿದ, "ಚಿಮಣಿಗೆ ಬೂದಿ ಹಿಡಿಯೋ ಮಷೀನ್ ಐತಲ್ರೀ ಧಣೀ, ಅದನ್ನ ಚಾಲೂ ಮಾಡೂಣೇನ್ರಿ?"

"ಅದು ಎಷ್ಟು ಕರೆಂಟ್ ತಿಂತೈತಿ ಗೊತ್ತೇನ್ ನಿನಗ? ಆಕಿ ಏನ್ ಊರ ಗಾಳಿ ಅಳಿತಾಳೇನು? ಈ ಡಬ್ಬಿ ಮುಂದಿನ ಗಾಳಿ ಅಳಿತಾಳ. ಡಬ್ಬಿ ಮುಂದ ಚಲೋ ಇದ್ರ ಸಾಕು."

ಎಂಥ ತಲೆ ನೋಡಿ! ಹೊಗೆ ನಿಲ್ಲಿಸುವುದು ಬಿಟ್ಟು ಯಂತ್ರದ ಉಪಚಾರಕ್ಕೆ ನಿಂತ. ಸುತ್ತ ಎತ್ತರದ ಪರದೆ ಕಟ್ಟಿಸಿದ. ಹುಲ್ಲು ಹಾಸಿದ. ಬೇವಿನ ಗಿಡಗಳನ್ನು ಬೇರುಸಹಿತ ತರಿಸಿ ನೆಟ್ಟ. ಹಗಲಿರುಳು ನೀರು ಚಿಮುಕಿಸುವ ಪೈಪು, ಗಾಳಿ ಸೋಸುವ ಫ್ಯಾನು. ಒದ್ದೆ ಬಟ್ಟೆ ಹಿಡಿದು ಬೇವಿನ ಎಲೆ ಒರೆಸುತ್ತ ಕೂರಲು ಒಬ್ಬ ಕಾವಲುಗಾರ. ಅಲ್ಲಿ ಬೀಡಿ ಸೇದುವಂತಿಲ್ಲ, ಕಸ ಗುಡಿಸುವಂತಿಲ್ಲ, ಕುರಿಮಂದೆ ಆ ದಾರಿಯಲ್ಲಿ ಬಂದರೆ ಊರು ಸುತ್ತಿ ಹೋಗಬೇಕು. ಯಾರಾದರೂ ಜೋರಾಗಿ ಸೀನಿದರೂ ಕಾವಲುಗಾರ ಕಣ್ಣು ಕೆಕ್ಕರಿಸುತ್ತಿದ್ದ. ಯಂತ್ರಕ್ಕೆ ಬಲು ಸುಖ. ಹಸಿರು ದೀಪ ಆರಲೇ ಇಲ್ಲ. ಆ ದೀಪದ ಧೈರ್ಯದಲ್ಲಿ ಸಾಹುಕಾರ ಚಿಮಣಿಯಿಂದ ಇನ್ನಷ್ಟು ಹೊಗೆ ಬಿಟ್ಟ.

ಹೀಗಿರುವಾಗ ಒಂದು ಮಧ್ಯಾಹ್ನ ಅವ್ವ ಹಾಸಿಗೆಯಲ್ಲಿಲ್ಲ! ಸಾಹುಕಾರ ಬರಿಗಾಲಲ್ಲೇ ಹೊರಟ. ಮನೆ, ಹಿತ್ತಲು, ಬಾವಿಕಟ್ಟೆ ಎಲ್ಲ ಹುಡುಕಿ ಕೊನೆಗೆ ಬಯಲಿಗೆ ಓಡಿ ಬಂದರೆ, ಪರದೆಯೊಳಗೆ, ಯಂತ್ರದ ಪಕ್ಕದಲ್ಲಿ, ಹುಲ್ಲಿನ ಮೇಲೆ ಅವ್ವ ಕಾಲು ಚಾಚಿ ಮಲಗಿದ್ದಾಳೆ. ಕೆಮ್ಮಿಲ್ಲ, ಉಬ್ಬಸವಿಲ್ಲ. ಎಳೆ ಮಗುವಿನ ನಿದ್ದೆ.

"ಇಲ್ಲಿ ಉಸಿರು ಆಡ್ತೈತೋ ನನ್ನಪ್ಪಾ," ಎಂದಳು ಕಣ್ಣು ಬಿಟ್ಟು.

ಸಾಹುಕಾರ ಅತ್ತೇಬಿಟ್ಟ. ಅವ್ವ ಉಳಿದಳಲ್ಲ ಎಂಬ ಸಂತೋಷ. ಏಕೆ ಉಳಿದಳು ಎಂದು ಕೇಳಿಕೊಂಡನೇ? ಇಲ್ಲ! ಅಲ್ಲಿಗೇ ಹೊರಸು ಹಾಕಿಸಿದ, ಕೌದಿ ಹಾಸಿದ. ಮರುದಿನ ಪಕ್ಕದ ಓಣಿಯ ಮುದುಕ ಚಾಪೆ ತಂದ. ಅವನ ಹಿಂದೆ ಬಾಣಂತಿ ಕೂಸಿನೊಡನೆ ಬಂದಳು. ಸಾಹುಕಾರನ ತಾಯಿಯೇ ಇರುವಾಗ ಯಾರನ್ನು ಬೇಡ ಎನ್ನುವುದು? ಉಸಿರು ಬೇಕಾದವರೆಲ್ಲ ಅಲ್ಲಿಗೆ ಬಂದು ಒಂದಿಷ್ಟು ಉಸಿರಾಡಿ, ಮತ್ತೆ ಊರೊಳಗೆ ಹೋಗಿ ಕೆಮ್ಮುತ್ತಿದ್ದರು.

ಜನ ಏನು ತಿಳಿದರು? ನಮ್ಮ ಜನ ಏನು ತಿಳಿಯುತ್ತಾರೋ ಅದನ್ನೇ ತಿಳಿದರು. ಈ ಡಬ್ಬಿಯಲ್ಲಿ ಮಹಿಮೆ ಇದೆ ಎಂದರು. ಯಾರೋ ವಿಭೂತಿ ಹಚ್ಚಿದರು, ಯಾರೋ ಹೂ ಏರಿಸಿದರು, ಯಂತ್ರಪ್ಪ ಎಂಬ ಹೆಸರೂ ಬಂತು. ಅವ್ವನ ಮೈಗೆ ಹತ್ತಿದ ಗುಣ ಕಂಡು ಸಾಹುಕಾರನಿಗೂ ಭಕ್ತಿ ಉಕ್ಕಿತು. ದೊಡ್ಡ ಪೂಜೆ ಇಡಿಸಿಯೇಬಿಟ್ಟ. ಕಟ್ಟುಗಟ್ಟಲೆ ಊದಿನಕಡ್ಡಿ, ತಟ್ಟೆ ತುಂಬ ಕರ್ಪೂರ, ಕೆಂಡದ ಮೇಲೆ ಬೊಗಸೆ ಬೊಗಸೆ ಲೋಬಾನ. ಪರದೆಯೊಳಗೆ ಹೊಗೆ ಗಮ್ಮೆಂದು ಮುಚ್ಚಿಕೊಂಡಿತು. ಯಂತ್ರಪ್ಪನ ದೀಪ ಕೆಂಪಾಯಿತು. ಪ್ರಸನ್ನನಾದ ಎಂದು ಜನ ಕೈ ಮುಗಿದರು! ಅವ್ವ ಮಾತ್ರ ಕೆಮ್ಮಿ ಕೆಮ್ಮಿ ನೀಲಿಗಟ್ಟಿದಳು. ಮಗ ಅವಳನ್ನು ಎತ್ತಿಕೊಂಡು ಪರದೆಯ ಹೊರಗೆ ಓಡಿದ. ಹೊರಗೆ? ಹೊರಗೆ ಇವನದೇ ಚಿಮಣಿಯ ಹೊಗೆ. ಮತ್ತೆ ಒಳಗೆ ಓಡಿದ. ಒಳಗೆ ಇವನದೇ ಲೋಬಾನ. ಊರಿಗೆ ಊರೇ ಕೊಳ್ಳಬಲ್ಲ ಸಾಹುಕಾರ, ಅವ್ವನಿಗೆ ಒಂದು ಗುಟುಕು ಗಾಳಿ ಎಲ್ಲಿ ಕುಡಿಸಲಿ ಎಂದು ಒಳಗೂ ಹೊರಗೂ ಓಡಾಡಿದ.

ಕಾವಲುಗಾರ ಕೆಂಡಕ್ಕೆ ನೀರು ಸುರಿದ. ಅವ್ವನಿಗೆ ಉಸಿರು ತಿರುಗುವ ಹೊತ್ತಿಗೆ ಜೀಪು ಬಂದು ನಿಂತಿತು.

"ಮೇಡಮ್ಮಾರೇ, ಇದು ಕಾರ್ಖಾನಿ ಹೊಗಿ ಅಲ್ರಿ, ಭಕ್ತಿ ಹೊಗಿ," ಎಂದ ಸಾಹುಕಾರ ಕೈ ಮುಗಿದು.

ಅಧಿಕಾರಿ ಪರದೆ ನೋಡಿದಳು, ಪೈಪು ನೋಡಿದಳು, ಸಾಲಾಗಿ ಮಲಗಿದ ಮುದುಕರನ್ನು ನೋಡಿದಳು. "ಅಜ್ಜೀ, ನೀವ್ಯಾಕೆ ಇಲ್ಲಿ ಮಲಗಿದೀರಿ?" ಎಂದಳು.

ಅವ್ವ ಹೆಮ್ಮೆಯಿಂದ ಹೇಳಿದಳು, "ಊರಾಗ ಉಸಿರು ಸಿಗೋ ಜಾಗ ಇದೊಂದ ಯವ್ವಾ. ನನ್ನ ಮಗಾನ ಮಾಡಿಸ್ಯಾನ."

ಹೆತ್ತ ತಾಯಿಯ ಹೊಗಳಿಕೆ ಕೇಳಿ ಸಾಹುಕಾರ ತಲೆ ತಗ್ಗಿಸಿದ. ಅಧಿಕಾರಿ ಬೈಯಲಿಲ್ಲ, ಧೂಪದಿಂದ ಕೆಂಪಾದ ದೀಪಕ್ಕೆ ಬೀಗವನ್ನೂ ಹಾಕಲಿಲ್ಲ. ಯಂತ್ರ ಬಿಚ್ಚಿಸಿ ಜೀಪಿಗೆ ಹಾಕಿಸಿ, ಇನ್ನು ಊರಾಚೆ ಕೆರೆಯ ದಂಡೆಯಲ್ಲಿ ಕೂರಿಸಿ ಅಳೆಯುತ್ತೇವೆ ಎಂದಳು. ಮ್ಯಾನೇಜರ್ ಓಡಿ ಬಂದು ಧಣಿಯ ಕಿವಿಯಲ್ಲಿ ಕೇಳಿದ, "ಪರದೆ, ಪೈಪು, ಬೇವಿನಗಿಡ ಎಲ್ಲಾ ಕೆರಿಗೆ ಸಾಗಸಲೇನ್ರಿ?"

ಸಾಹುಕಾರ ಉತ್ತರ ಕೊಡುವಷ್ಟರಲ್ಲಿ ಅವ್ವ ಕೌದಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಜೀಪಿನ ಹಿಂದೆ ಹೊರಟಿದ್ದಳು. ಅವಳ ಹಿಂದೆ ಮುದುಕ ಚಾಪೆ ಹೊತ್ತು, ಬಾಣಂತಿ ಕೂಸು ಹೊತ್ತು, ಹೊರಸು ಹೊತ್ತವರು, ದಿಂಬು ಹೊತ್ತವರು. ಅರ್ಧ ಊರು ಹಾಸಿಗೆಸಮೇತ ಯಂತ್ರದ ಬೆನ್ನು ಹತ್ತಿತ್ತು.

"ಅವ್ವಾ, ಮನೀಗೆ ಬಾರಬೇ!"

ಅವ್ವ ತಿರುಗಿ ನಿಂತಳು. "ಮನ್ಯಾಗ ಬಂದು ಸಾಯ್ಲೇನಪ್ಪಾ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದಳು.

ಸಾಹುಕಾರ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತ. ಮ್ಯಾನೇಜರನಿಗೆ ಹೇಳಿದ, "ಚಿಮಣಿ ಮಷೀನ್ ಚಾಲೂ ಮಾಡೋ." ಆಮೇಲೆ ಏನಾಯಿತು ಗೊತ್ತೇ? ಅದರ ಸ್ವಿಚ್ ಎಲ್ಲಿದೆ ಎಂದು ಕಾರ್ಖಾನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸಾಹುಕಾರ ತಾನೇ ಲಾಟೀನು ಹಿಡಿದು, ಬೂದಿಯಲ್ಲಿ ತೆವಳಿ, ಕೈಯಿಂದ ಬಗೆದು ಬಗೆದು ಹುಡುಕಿದ. ಹುಡುಕಿ ಹಾಕಿದ.

ನಗುತ್ತಿದ್ದೀರಿ. ನಗಿ, ನಗಿ. ನಿಮ್ಮ ಅಂಗಳ ಕನ್ನಡಿಯ ಹಾಗಿರುತ್ತದೆ. ಗುಡಿಸಿದ ಕಸ ಎಲ್ಲಿರುತ್ತದೆ? ಪಕ್ಕದವರ ಗೋಡೆಯ ಬುಡದಲ್ಲಿ. ದೇವರ ಕೋಣೆಗೆ ಮಡಿ. ದೇವರಿಗೆ ಏರಿಸಿದ ಹೂ? ಪ್ಲಾಸ್ಟಿಕ್ ಚೀಲ ಕಟ್ಟಿ ಹಳ್ಳಕ್ಕೆ! ನೋಡುವವರ ಕಣ್ಣಿನ ಮುಂದೆ ಮೊಳದಷ್ಟು ಜಾಗ ಚೊಕ್ಕ ಮಾಡಿ, ಅದಕ್ಕೆ ಶುದ್ಧಿ ಎಂದು ಹೆಸರಿಟ್ಟಿದ್ದೀರಿ. ಸಾಹುಕಾರ ಮಾಡಿದ್ದು ಇದನ್ನೇ ಅಲ್ಲವೇ? ಅವನಿಗೆ ಕಾರ್ಖಾನೆ ಇತ್ತು, ನಿಮಗೆ ಇಲ್ಲ. ವ್ಯತ್ಯಾಸ ಅಷ್ಟೇ.

ಇವತ್ತು ಪ್ರಸಾದ ಆದ ಮೇಲೆ ನಿಮ್ಮ ನಿಮ್ಮ ಕಾಗದದ ಲೋಟ ನೀವೇ ಕಸದ ಡಬ್ಬಿಗೆ ಹಾಕಿ. ಹೂವನ್ನು ಗಿಡದ ಬುಡಕ್ಕೆ ಹಾಕಿ, ಚೀಲವನ್ನು ಮನೆಗೆ ಒಯ್ಯಿರಿ. ನಾಳೆ ಬೆಳಗ್ಗೆ ಕಸ ಒಟ್ಟಿ, ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಳ್ಳುತ್ತೀರಲ್ಲ, ಆಗ ಒಂದು ಕ್ಷಣ ನಿಲ್ಲಿ. ಗೋಡೆಯಾಚೆ ಯಾರೋ ಕೆಮ್ಮುತ್ತಿರುತ್ತಾರೆ. ಕಿವಿಗೊಟ್ಟು ಕೇಳಿ. ಅದು ನಿಮ್ಮ ಅವ್ವನೇ ಎಂದು ತಿಳಿದು ಆ ಕಡ್ಡಿಯನ್ನು ಪೆಟ್ಟಿಗೆಯೊಳಗೆ ಇಡಿ.