ಎರಡನೇ ಸಲ ಹುರಿದ ಕಾಫಿ

ಮಾನ್ಯ ಅಧ್ಯಕ್ಷರಾದ ದಶರಥ ಮಾಸ್ತರರೇ, ಈ ಕಾಫಿ ಅಂಗಡಿಯ ಒಡತಿ ಗುಲನಾಜ ಅವರೇ, ಅಫಜಲಪುರದ ಹಿರಿಯರೇ, ಆಳಂದ, ಜೇವರ್ಗಿಗಳಿಂದ ಬಸ್ಸು ಹಿಡಿದು ಬಂದ ಬಂಧುಗಳೇ, ಕಪ್ಪು ಹಿಡಿದುಕೊಂಡೇ ಕೇಳುತ್ತಿರುವ ಸಭಿಕರೇ,

ರೇವಣಪ್ಪ ಎಂಬ ನನಗೆ ಈಗಷ್ಟೇ ಶಾಲು ಹೊದಿಸಿದಿರಿ. ನಲವತ್ತು ವರ್ಷ ಭಟ್ಟಿಯ ಮುಂದೆ ಕೂತು ಶೇಂಗಾ, ಪುಟಾಣಿ, ಚುರುಮುರಿ ಹುರಿದವನು ನಾನು. ಹುರಿಯುವ ವಿದ್ಯೆಯಲ್ಲಿ ಗುಲನಾಜಳ ಮೊದಲ ಗುರು ಎಂದು ಮಾಸ್ತರರು ಹೊಗಳಿದರು. ಆ ಮಾತು ಕೇಳುತ್ತಾ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಯಾಕೆ? ಇವತ್ತು ತೆರೆದ ಅಂಗಡಿಯನ್ನು ಇವತ್ತೇ ಮುಚ್ಚುವ ಯೋಚನೆಯಲ್ಲಿದ್ದಾಳೆ ಈ ಹುಡುಗಿ, ಅದಕ್ಕೆ ಕಾರಣ ನಾನು. ಎಲ್ಲಿಂದ ಹೇಳಬೇಕೆಂದು ಮಾತ್ರ ತಿಳಿಯುತ್ತಿಲ್ಲ.

ಎರಡು ವರ್ಷದ ಹಿಂದೆ ಜ್ವರ ಬಂದು ಇವಳ ಮೂಗು, ನಾಲಿಗೆ ಎರಡೂ ಹೋದವು. ಚಿಕ್ಕಮಗಳೂರಿನಲ್ಲಿ ಕಾಫಿಯ ರುಚಿ ನೋಡುವುದೇ ಅವಳ ಕೆಲಸವಾಗಿತ್ತು. ಆ ಕೆಲಸವೂ ಹೋಯಿತು. ಏಳು ತಿಂಗಳು ಕಾಫಿ ಎಂದರೆ ಬಿಸಿ ಕಹಿ ನೀರು, ಅಷ್ಟೇ. ನನ್ನ ಭಟ್ಟಿಗೆ ಬಂದು ಹೊಗೆಗೆ ಮೂಗೊಡ್ಡಿ ಕೂರುತ್ತಿದ್ದಳು. ಒಂದು ದಿನ, "ಕಾಕಾ, ಶೇಂಗಾ ಹೊತ್ತಾಕತ್ತಾವ್ರಿ" ಅಂದಳು. ಹೊತ್ತಿದ್ದವು, ಖರೆ. ನನ್ನ ಗಮನಕ್ಕೇ ಬಂದಿರಲಿಲ್ಲ, ಅವಳ ಮೂಗಿಗೆ ಬಂದಿತ್ತು. ಅವತ್ತು ನಾನು ಅತ್ತುಬಿಟ್ಟೆ.

ಕಾಫಿಗೆ ಬರುತ್ತೇನೆ. ಒಂದೇ ತೋಟದ ಬೀಜ, ಬೇರೆ ಯಾವುದನ್ನೂ ಬೆರೆಸಿಲ್ಲ, ಹಗುರಾಗಿ ಹುರಿದದ್ದು ಎಂದು ಮೊನ್ನೆ ನನಗೊಂದು ಕಪ್ಪು ಕೊಟ್ಟಳು. ಹಾಲಿಲ್ಲ, ಸಕ್ಕರೆಯಿಲ್ಲ. ಬಣ್ಣ ನೋಡಿದರೆ ಚಹಾ. "ಮೋಸಂಬಿ ಅನಸ್ತದೇನ್ರಿ ಕಾಕಾ? ಹಿಂದಿಂದ ಬೆಲ್ಲ ಬರ್ತದ, ತಡೀರಿ" ಅಂದಳು. ಹುಳಿಯಂತೂ ಇತ್ತು. ಕಾಫಿ ಹುಳಿಯಾದರೆ ಒಳ್ಳೆಯದೋ, ಕೆಟ್ಟದ್ದೋ? ತಡೆದೆ. ಬೆಲ್ಲ ಬಂತೋ, ಅವಳು ಹೇಳಿದ್ದಕ್ಕೆ ಬಂದ ಹಾಗಾಯಿತೋ? ಇವತ್ತಿಗೂ ಗೊತ್ತಿಲ್ಲ. "ಭಾಳ ಚಲೋ ಅದವ್ವ" ಅಂದೆ. ಕೊಟ್ಟವರ ಮುಖ ನೋಡಿ ಹಾಗನ್ನುವುದು ನಮ್ಮ ಕಡೆಯ ರೀತಿಯಲ್ಲವೇ?

ಅದೇ ಬೀಜದ ಚೀಲವನ್ನು ಇವತ್ತಿನ ಸಭೆಗೆಂದು ನನ್ನ ಮನೆಯಲ್ಲಿಟ್ಟಿದ್ದಳು. ಇವತ್ತು ಬೆಳಗ್ಗೆ ಬಿಚ್ಚಿ ನೋಡಿದರೆ ತೊಗರಿ ಬಣ್ಣ. ಒಂದನ್ನು ಹಲ್ಲಿಗೆ ಹಾಕಿ ಕಡಿದೆ. ಹಸಿ ಎನ್ನಿಸಿತು. ಹಗುರ ಅಂದರೂ ಇಷ್ಟು ಹಗುರವೇ? ಯಾರೋ ಅರೆಬರೆ ಹುರಿದದ್ದನ್ನು ಇವಳಿಗೆ ಸಾಗಹಾಕಿದ್ದಾರೆ, ಊರ ಮುಂದೆ ಹುಡುಗಿಯ ಮರ್ಯಾದೆ ಹೋಗುತ್ತದೆ ಎಂದು ಭಟ್ಟಿ ಹಚ್ಚಿದೆ. ಪ್ರೀತಿಯಿಂದ ಹಚ್ಚಿದೆನೋ, ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹುರಿಸಿ ತಂದಳಲ್ಲ ಎಂಬ ಹೊಟ್ಟೆಕಿಚ್ಚಿನಿಂದಲೋ? ಕೈಯಾಡಿಸುವಾಗ ಎರಡೂ ಇದ್ದವು. ಬೀಜ ಕಪ್ಪಗೆ ಮಿಂಚುವ ತನಕ ಹುರಿದೆ. ಇವಳು ನಿಮ್ಮನ್ನು ಬರಮಾಡಿಕೊಳ್ಳುವ ಗಡಿಬಿಡಿಯಲ್ಲಿದ್ದಳು. ಪುಡಿ ಮಾಡಿ ಸೋಸಿದವನು ಇವಳ ತಮ್ಮ ಅಕ್ರಮ್. ಅವನಿಗೇನು ಗೊತ್ತು, ಪಾಪ.

ನೀವೆಲ್ಲ ಕುಡಿದಿರಿ, ಹೊಗಳಿದಿರಿ. ನಿಂಬರ್ಗಾದಿಂದ ಬಂದ ನಮ್ಮಕ್ಕ ನಿಂಬೆವ್ವ ಎರಡನೇ ಕಪ್ಪು ಕೇಳಿ ಹಾಕಿಸಿಕೊಂಡಳು. ಗುಲನಾಜ ಒಂದು ಗುಟುಕು ಕುಡಿದು ನನ್ನ ಕಿವಿಯಲ್ಲಿ ಏನಂದಳು ಗೊತ್ತೇ? "ಕಾಕಾ, ನನಗ ಬರೀ ಕಹಿ ಹತ್ತಾಕತ್ತದ್ರಿ. ಎಲ್ಲಾರೂ ಚಲೋ ಅದ ಅನ್ಲಾಕತ್ಯಾರ. ನನ್ನ ನಾಲಿಗಿ ಮತ್ತ ಹೋತು. ಇನ್ನ ಅಂಗಡಿ ಹ್ಯಾಂಗ ನಡಸಲ್ರಿ?" ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ನನ್ನ ಹೆಸರು ಕೂಗಿದರು, ಶಾಲು ಬಂತು.

ಗುಲನಾಜ, ತಲೆ ಎತ್ತವ್ವ. ಈ ಸಭೆಯಲ್ಲಿ ಎಲ್ಲರೂ ಚಲೋ ಅಂದರು, ನೀನೊಬ್ಬಳೇ ಕಹಿ ಅಂದೆ. ಕಹಿಯೇ ಇದೆ. ನಿನ್ನ ಮೋಸಂಬಿ ನನಗೆ ತಿಳಿಯಲಿಲ್ಲ, ಇನ್ನು ಮುಂದೆಯೂ ತಿಳಿಯುವುದಿಲ್ಲವೇನೋ. ಸುಟ್ಟದ್ದು ಮಾತ್ರ ತಿಳಿಯುತ್ತದೆ, ಸುಟ್ಟವನು ನಾನೇ. ನಿನ್ನ ನಾಲಿಗೆ ಎಲ್ಲಿಗೂ ಹೋಗಿಲ್ಲ.

ಶಾಲು ಹೊದಿಸಿದವರಿಗೂ ಸಾವಧಾನದಿಂದ ಕೇಳಿದವರಿಗೂ ವಂದನೆಗಳು. ಕಪ್ಪಿನಲ್ಲಿ ಉಳಿದದ್ದನ್ನು ಯಾರೂ ಮುಲಾಜಿಗೆ ಕುಡಿಯಬೇಡಿ. ನಮಸ್ಕಾರ.