ಹೊಸ ಐರನ್

ಭುಜದ ನೋವಿಗೆಂದು ಜಯನಗರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದು ಕೂತಿದ್ದ ಹಂಸಾಗೆ, ಪಕ್ಕದಲ್ಲಿದ್ದ ಇಬ್ಬರು ನಿವೃತ್ತ ಗೆಳೆಯರ ಗಾಲ್ಫ್ ಮಾತು ಕಿವಿಗೆ ಬಿತ್ತು.

“ಮಣಿಕಟ್ಟಿನ ಆಪರೇಷನ್ ಆದ್ಮೇಲೆ ನಿನ್ನೆ ಮೊದಲ್ನೇ ಸಲ ಆಡ್ದೆ ಕಣೋ ವಿಷ್ಣು, ಹೊಸ ಐರನ್ ಸ್ಟಿಕ್ ತಗೊಂಡು.”

“ಹಳೇ ಐರನ್ ಫೀಲ್ ಅದ್ರಲ್ಲೆಲ್ಲಿ ಬರುತ್ತೆ, ರಾಮಪ್ರಸಾದ?”

“ಬರಲ್ಲ. ಆದ್ರೆ ಹಳೇದ್ರಲ್ಲಿ ಚೆಂಡು ಅಂಚಿಗೆ ತಗುಲಿದ್ರೆ ಕೈಯೆಲ್ಲ ಜುಮ್ ಅಂತಿತ್ತು. ಇದ್ರಲ್ಲಿ ತಪ್ಪಾಗಿ ಹೊಡೆದ್ರೂ ನೆಟ್ಟಗೇ ಹೋಗುತ್ತೆ.”

“ದೂರ?”

“ಮುಂಚಿಗಿಂತ ಹತ್ತು ಗಜ ಜಾಸ್ತಿನೇ.”

“ನೋವು?”

“ಒಂಚೂರೂ ಇಲ್ಲ. ಆಟ ಮುಗೀತು ಅಂತಾನೇ ಅಂದ್ಕೊಂಡಿದ್ದೆ.”

ವಿಷ್ಣು ಗೆಳೆಯನ ಕಡೆ ತಿರುಗಿ ಕೂತರು.

“ನೀನಿಲ್ಲದೆ ನಾನೂ ಆರು ತಿಂಗಳಿಂದ ಆ ಕಡೆ ಹೋಗಿಲ್ಲ ಕಣೋ. ಶನಿವಾರ ಹೋಗೋಣ.”

ನರ್ಸ್ ರಾಮಪ್ರಸಾದರನ್ನು ಕರೆದರು. ಗೆಳೆಯನ ಚೀಲಕ್ಕೆ ವಿಷ್ಣು ಕೈಚಾಚಿದರು. ರಾಮಪ್ರಸಾದ ಬಿಡಲಿಲ್ಲ. ಆಪರೇಷನ್ ಆದ ಕೈಯಲ್ಲೇ ಅದನ್ನೆತ್ತಿಕೊಂಡು ಒಳಗೆ ನಡೆದರು.